ಅಕ್ಕನ ನೇಮ ಮತ್ತು ಮನೆಯಲ್ಲಿ ಕಡೆದ ಐಸ್‌ಕ್ರೀಂ

ಪಾಕದ ವಿಷಯವನ್ನು ತಾಯಂದಿರು ಬರೆಯಬೇಕು, ಶಾಸ್ತ್ರ ಓದಿದವರು ಶಾಸ್ತ್ರವನ್ನೇ ಬರೆಯಬೇಕು ಎಂಬುದು ನಮ್ಮ ಪತ್ರಿಕೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಆದರೆ ಮಠದಲ್ಲಿ ಬೆಳೆದವರಿಗೆ ಅಡುಗೆಮನೆಯೂ ಒಂದು ಪಾಠಶಾಲೆಯೇ ಸರಿ. ಬೆಳಿಗ್ಗೆ ಅಮರಕೋಶವನ್ನು ಒಪ್ಪಿಸಿ, ಸಂಜೆ ದಾಸೋಹದ ಮನೆಯಲ್ಲಿ ಮಜ್ಜಿಗೆ ಕಡೆದು, ಕೊಪ್ಪರಿಗೆ ತೊಳೆದು ನಾವು ವಿದ್ಯೆ ಕಲಿತವರು. ಆದುದರಿಂದ ಈ ಸಲ ಮನೆಯಲ್ಲಿ ಐಸ್‌ಕ್ರೀಂ ಮಾಡುವ ಬಗೆಯನ್ನು ಕುರಿತು ನಾಲ್ಕು ಮಾತು ಬರೆಯಲು ನಮಗೆ ಸಂಕೋಚವಿಲ್ಲ. ಬರೆಯುವುದಕ್ಕೆ ಕಾರಣ ನಾಲಗೆಯ ಚಪಲವಲ್ಲ. ನಮ್ಮ ಮನೆಯಲ್ಲಿ ಬಂದೊದಗಿದ ಒಂದು ಸಂಕಟ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಕಡೆಯ ಒಂದು ಹಳ್ಳಿ. ನಮ್ಮ ಹಿರಿಯ ಅಕ್ಕನವರಿಗೆ ಈಗ 76 ವರ್ಷ. ಯಜಮಾನರು ಲಿಂಗೈಕ್ಯರಾದ ಮೇಲೆ ನಮ್ಮೊಡನೆಯೇ ಇದ್ದಾರೆ. ದೀಕ್ಷೆಯಾದಂದಿನಿಂದ ಅವರದು ಒಂದೇ ನೇಮ. ಮನೆಯಲ್ಲಿ ಮಡಿಯಿಂದ ಮಾಡಿದ ಪದಾರ್ಥವನ್ನು ಇಷ್ಟಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುವರೇ ಹೊರತು ಅಂಗಡಿಯ ತಿನಿಸನ್ನು ಮುಟ್ಟಿದವರಲ್ಲ. ಮದುವೆಗೆ ಹೊರಟರೂ ಚೀಲದಲ್ಲಿ ಅವಲಕ್ಕಿ, ಬೆಲ್ಲ ಇರುತ್ತಿತ್ತು.

ಇಂತಹ ಅಕ್ಕನವರಿಗೆ ಕಳೆದ ವರ್ಷ ಗಂಟಲಿನಲ್ಲಿ ಕ್ಯಾನ್ಸರ್ ಕಾಣಿಸಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ವಾರಕ್ಕೆ 5 ದಿನದಂತೆ 33 ಸಲ ವಿಕಿರಣ ಚಿಕಿತ್ಸೆ ಎಂದು ಗೊತ್ತಾಯಿತು. ಮೂರನೆಯ ವಾರಕ್ಕೆ ಬಾಯಿ, ಗಂಟಲು ಹುಣ್ಣಾದವು. ಮುದ್ದೆಯ ಮಾತಿರಲಿ, ತಿಳಿಸಾರು ಕೂಡ ಬೆಂಕಿಯಂತೆ ಸುಡತೊಡಗಿತು. 52 ಕಿಲೋ ಇದ್ದ ದೇಹ 46ಕ್ಕೆ ಇಳಿಯಿತು. ತೂಕ ಹೀಗೆಯೇ ಇಳಿದರೆ ಮೂಗಿನ ಮೂಲಕ ನಳಿಕೆ ಹಾಕಿ ಆಹಾರ ಕೊಡಬೇಕಾಗುತ್ತದೆ, ಚಿಕಿತ್ಸೆಯನ್ನು ನಡುವೆ ನಿಲ್ಲಿಸಿದರೆ ರೋಗ ಮತ್ತೆ ಬಲಿಯುವ ಭಯವುಂಟು ಎಂದು ವೈದ್ಯರು ಎಚ್ಚರಿಸಿದರು.

ಆ ರಾತ್ರಿ ಅಕ್ಕನವರು ನಮ್ಮನ್ನು ಹತ್ತಿರ ಕರೆದು ಕೇಳಿದ ಪ್ರಶ್ನೆ ಇಂದಿಗೂ ನಮ್ಮ ಕಿವಿಯಲ್ಲಿದೆ. "ತಮ್ಮಾ, ನೀನು ಓದಿದವನು. ನಳಿಕೆಯಲ್ಲಿ ಹೋಗುವ ಅನ್ನ ನಾಲಗೆಗೆ ತಾಗುವುದಿಲ್ಲ. ರುಚಿಯನ್ನು ಲಿಂಗಕ್ಕೆ ಕೊಡದೆ ಹೊಟ್ಟೆಗೆ ಮಾತ್ರ ಕೊಟ್ಟರೆ ಅದು ಪ್ರಸಾದವಾಗುತ್ತದೆಯೇ?" ಎಂದರು.

ಮೂವತ್ತು ವರ್ಷ ಪಾಠ ಹೇಳಿದ ನಮಗೂ ಆ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದೆವು: "ಅಕ್ಕಾ, ಅರ್ಪಣೆಯಾಗುವುದು ಭಾವದಲ್ಲಿ. ಕಾಯ ಉಳಿದರೆ ತಾನೇ ಕಾಯಕ, ಪೂಜೆ? ನಳಿಕೆಯೇ ಬೇಕಾದರೆ ಅದರಲ್ಲಿ ಹೋಗುವುದನ್ನೂ ಲಿಂಗಕ್ಕೆ ತೋರಿಸಿಯೇ ಕೊಡುತ್ತೇವೆ. ಆದರೆ ಅದಕ್ಕೆ ಮೊದಲು ನಾಲಗೆಗೆ ಒಪ್ಪುವುದು ಏನಾದರೂ ಇದೆಯೇ ಎಂದು ನೋಡೋಣ."

ಆಸ್ಪತ್ರೆಯ ಆಹಾರತಜ್ಞೆ ಒಂದು ಪಟ್ಟಿ ಕೊಟ್ಟಿದ್ದರು. ತಣ್ಣಗಿರಬೇಕು, ಮೃದುವಾಗಿರಬೇಕು, ಹುಳಿ ಮತ್ತು ಖಾರ ಇರಬಾರದು, ಸ್ವಲ್ಪದರಲ್ಲಿಯೇ ಹೆಚ್ಚು ಶಕ್ತಿ ಇರಬೇಕು. ಪಟ್ಟಿಯ ಮೊದಲಲ್ಲಿಯೇ ಐಸ್‌ಕ್ರೀಂ ಎಂದಿತ್ತು. ಅಕ್ಕನವರು ಅದನ್ನು ಕೇಳಿ ಕೈ ಮುಗಿದುಬಿಟ್ಟರು. "ಅಂಗಡಿಯದು ಬೇಡ" ಎಂಬ ಒಂದೇ ಮಾತು.

ಅವರ ನೇಮವನ್ನು ಮೂಢತನವೆಂದು ತಳ್ಳಿಹಾಕುವ ಮೊದಲು, ಅಂಗಡಿಯ ಡಬ್ಬಿಯಲ್ಲಿ ಏನಿದೆ ಎಂಬುದನ್ನು ತಿಳಿಯುವುದು ಒಳ್ಳೆಯದು. ನಮ್ಮ ಸೊಸೆ ಓದಿ ಹೇಳಿದಾಗಲೇ ನಮಗೂ ತಿಳಿದದ್ದು. ನಮ್ಮ ದೇಶದ ಆಹಾರ ನಿಯಮದಂತೆ ಸಾದಾ ಐಸ್‌ಕ್ರೀಂ ಎನಿಸಿಕೊಳ್ಳಲು ಅದರಲ್ಲಿ ಕನಿಷ್ಠ 100ಕ್ಕೆ 10 ಪಾಲು ಹಾಲಿನ ಕೊಬ್ಬು ಇರಬೇಕು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಸೇರಿಸಿದರೆ ಅದನ್ನು 'ಫ್ರೋಜನ್ ಡೆಸರ್ಟ್' ಎಂದೇ ಬರೆಯಬೇಕು. ನೋಡಲು ಎರಡೂ ಒಂದೇ. ಓದಿದವರಿಗೆ ಮಾತ್ರ ಭೇದ ತಿಳಿಯುತ್ತದೆ. ಇನ್ನು ವಿದೇಶೀ ಪದ್ಧತಿಯಲ್ಲಿ ಹಾಲು ಮತ್ತು ಕೊಬ್ಬು ಬೇರೆಯಾಗದಂತೆ ಬೆಸೆಯಲು ಮೊಟ್ಟೆಯ ಹಳದಿ ಹಾಕುತ್ತಾರೆ. ಗಟ್ಟಿತನಕ್ಕೆ ಕೆಲವು ತಿನಿಸುಗಳಲ್ಲಿ ಬಳಸುವ ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದದ್ದು. ಹಸಿರು ಚುಕ್ಕೆಯ ಗುರುತು ಇದ್ದರೆ ಸಸ್ಯಾಹಾರಿಗಳು ನಿಶ್ಚಿಂತೆಯಿಂದ ಕೊಳ್ಳಬಹುದು. ಆದರೆ ಕೈಯಾರೆ ಮಾಡಿದುದನ್ನು ಮಾತ್ರ ಅರ್ಪಿಸುವೆನೆಂಬ ವೃದ್ಧೆಗೆ ಆ ಚುಕ್ಕೆ ಸಾಲದು. ಆಗ ಉಳಿದ ದಾರಿ ಒಂದೇ, ಮನೆಯಲ್ಲಿಯೇ ಮಾಡುವುದು.

ಸೊಸೆ ಮೊದಲು ತರಿಸಿದ್ದು ವಿದ್ಯುತ್ತಿನ ಯಂತ್ರ. ಅದರ ಬಟ್ಟಲಿಗೆ ಎರಡು ಪದರದ ಗೋಡೆ, ನಡುವೆ ಹೆಪ್ಪುಗಟ್ಟುವ ದ್ರವ. ಆ ಬಟ್ಟಲನ್ನು ಒಂದು ಹಗಲು, ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಅದು ಕಲ್ಲಿನಂತಾದ ಮೇಲೆ ಹಾಲು ಸುರಿದು ತಿರುಗಿಸಬೇಕು. ಪಟ್ಟಣದ ಮನೆಗಳಿಗೆ ಬಹಳ ಅನುಕೂಲ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುವ ಹಳ್ಳಿಯಲ್ಲಿ ಬಟ್ಟಲು ಬೇಕಾದಷ್ಟು ಗಟ್ಟಿಯಾಗುತ್ತಿರಲಿಲ್ಲ. ಆಗ ನಮ್ಮ ಸೋದರಳಿಯ ಬೆಂಗಳೂರಿನ ಪಾತ್ರೆ ಅಂಗಡಿಯಿಂದ ಕೈಯಲ್ಲಿ ತಿರುಗಿಸುವ ಹಳೆಯ ಮಾದರಿಯ ಯಂತ್ರವನ್ನು ತಂದ. ಹೊರಗೆ ಮರದ ಬಕೆಟ್ಟು, ಒಳಗೆ ಲೋಹದ ಉದ್ದನೆಯ ಡಬ್ಬಿ, ಡಬ್ಬಿಯೊಳಗೆ ಮರದ ರೆಕ್ಕೆಗಳು, ಮೇಲೆ ಹಲ್ಲಿನ ಚಕ್ರ ಮತ್ತು ಹಿಡಿ. ಇಂತಹ ಯಂತ್ರಕ್ಕೆ 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ಪೇಟೆಂಟ್ ಪಡೆದರು. ಅಂದಿನಿಂದ ಇಂದಿನವರೆಗೆ ಅದರ ತತ್ತ್ವ ಬದಲಾಗಿಲ್ಲ.

ಆ ತತ್ತ್ವವನ್ನು ಮಕ್ಕಳಿಗೆ ತಿಳಿಸುವುದು ಲೇಸು. ಬರಿಯ ಮಂಜುಗಡ್ಡೆಯ ಶೈತ್ಯ ಸೊನ್ನೆ ಡಿಗ್ರಿ ಸೆಲ್ಸಿಯಸ್. ಸಕ್ಕರೆ ಕರಗಿದ ಹಾಲಾದರೋ ಮೈನಸ್ 2, 3 ಡಿಗ್ರಿಗೆ ಇಳಿದಲ್ಲದೆ ಹೆಪ್ಪುಗಟ್ಟಲು ತೊಡಗುವುದಿಲ್ಲ. ಆದ್ದರಿಂದ ಬರಿ ಐಸಿನಲ್ಲಿ ಎಷ್ಟು ಹೊತ್ತು ಇಟ್ಟರೂ ಹಾಲು ಹಾಲಾಗಿಯೇ ಇರುತ್ತದೆ. ಐಸಿಗೆ ಉಪ್ಪು ಬೆರೆತೊಡನೆ ಅದು ಬೇಗ ಕರಗುತ್ತದೆ. ಕರಗಲು ಅದಕ್ಕೆ ಶಾಖ ಬೇಕು. ಒಂದು ಗ್ರಾಂ ಐಸು ಕರಗಲು ಸುಮಾರು 80 ಕ್ಯಾಲೊರಿ. ಆ ಶಾಖವನ್ನು ಅದು ಪಕ್ಕದ ಡಬ್ಬಿಯ ಹಾಲಿನಿಂದ ಸೆಳೆದುಕೊಳ್ಳುತ್ತದೆ. ಉಪ್ಪು ಮತ್ತು ಐಸಿನ ಮಿಶ್ರಣ ಹದವಾಗಿದ್ದರೆ ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು. ತಾನು ಕರಗಿ ಇನ್ನೊಂದನ್ನು ಗಟ್ಟಿಮಾಡುವುದು ಎಂದರೆ ಇದೇ. ಉಪ್ಪಿನಿಂದ ತಂಪು ಹುಟ್ಟಿಸುವ ವಿದ್ಯೆ ನಮ್ಮ ನಾಡಿಗೂ ಹೊಸದಲ್ಲ. ಅಕ್ಬರನ ಕಾಲದಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಕುಡಿಯುವ ನೀರಿನ ಪಾತ್ರೆಯನ್ನು ತಿರುಗಿಸಿ ತಂಪುಮಾಡುತ್ತಿದ್ದ ವಿಷಯವನ್ನು ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಹೇಳಿದ್ದಾನೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಹೊರಟ ಐಸು ಕಲ್ಕತ್ತೆಗೆ ಬಂದಿಳಿಯಿತು. ಮದರಾಸಿನಲ್ಲಿ ಅದನ್ನು ಕೂಡಿಡಲು ಕಟ್ಟಿದ ಐಸ್ ಹೌಸಿನಲ್ಲಿಯೇ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು.

ಇನ್ನು ಮಾಡುವ ವಿಧಾನ. ನಮ್ಮ ಕಡೆ ಈಗ ಎಮ್ಮೆಗಳು ಅಪರೂಪ, ಮನೆಮನೆಯಲ್ಲಿಯೂ ಸೀಮೆಹಸು. ಅದರ ಹಾಲು ತೆಳು, ಕೊಬ್ಬು 100ಕ್ಕೆ 4 ಪಾಲಿನ ಆಸುಪಾಸು. ಆದ್ದರಿಂದ 2 ಲೀಟರು ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ಕದಡುತ್ತ 1 ಲೀಟರಿಗೆ ಇಳಿಸಬೇಕು. ಎಮ್ಮೆಯ ಹಾಲಾದರೆ ಒಂದೂವರೆ ಲೀಟರು ಸಾಕು. ಬತ್ತಿಸಿದ ಹಾಲಿನ ಸಾರವೇ ಮೊಟ್ಟೆಯ ಕೆಲಸವನ್ನು ಮಾಡುತ್ತದೆ. ಇದಕ್ಕೆ 200 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು, ತಣ್ಣನೆಯ ಹಾಲಿನಲ್ಲಿ ಕದಡಿದ 2 ಚಮಚ ಕಾರ್ನ್‌ಫ್ಲೋರ್, ನಯವಾಗಿ ಕದಡಿದ 200 ಗ್ರಾಂ ಹೊಸ ಕೆನೆ ಸೇರಿಸಿ ಮತ್ತೊಮ್ಮೆ ಕುದಿಸಿ ಸೋಸಬೇಕು. ಬೇಗ ಆರಿಸಿ, ಮುಚ್ಚಿ, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡಬೇಕು. ಹಾಲು ಎಷ್ಟು ತಣ್ಣಗಿದ್ದರೆ ಮರುದಿನದ ಶ್ರಮ ಅಷ್ಟು ಕಡಿಮೆ.

ಮರುದಿನ ಡಬ್ಬಿಯ ಮೂರನೆಯ ಎರಡು ಪಾಲಷ್ಟು ಮಾತ್ರ ಹಾಲು ತುಂಬಬೇಕು, ಏಕೆಂದರೆ ಅದು ಉಬ್ಬುತ್ತದೆ. ಸುತ್ತಲೂ ಪುಡಿಮಾಡಿದ ಐಸು ಒಂದು ಪದರ, ಕಲ್ಲುಪ್ಪು ಒಂದು ಪದರ. 4 ಕಿಲೋ ಐಸಿಗೆ 1 ಕಿಲೋ ಉಪ್ಪು ನಮಗೆ ಸರಿಹೋಯಿತು. ಪುಡಿಯುಪ್ಪಿಗಿಂತ ಕಲ್ಲುಪ್ಪು ಲೇಸು; ನಿಧಾನವಾಗಿ ಕರಗುವುದರಿಂದ ತಂಪು ಬಹಳ ಹೊತ್ತು ನಿಲ್ಲುತ್ತದೆ. ಮೊದಲು ಮೆಲ್ಲಗೆ, ಆಮೇಲೆ ಬಿಡುವಿಲ್ಲದೆ 25ರಿಂದ 30 ನಿಮಿಷ ತಿರುಗಿಸಬೇಕು. ಡಬ್ಬಿಯ ಗೋಡೆಗೆ ಹತ್ತಿದ ಹಾಲು ಮೊದಲು ಹೆಪ್ಪುಗಟ್ಟುತ್ತದೆ. ಮರದ ರೆಕ್ಕೆ ಅದನ್ನು ಹೆರೆದು ನಡುವಿಗೆ ತರುತ್ತದೆ. ತಿರುಗಿಸದೆ ಇಟ್ಟರೆ ನೀರು ದೊಡ್ಡ ಹರಳಾಗಿ ನಾಲಗೆಗೆ ಮರಳಿನಂತೆ ತಾಗುತ್ತದೆ. ಹುಣ್ಣಾದ ಬಾಯಿಗೆ ಆ ಹರಳು ಸೂಜಿಯೇ ಸರಿ. ತಿರುಗಿಸುವಾಗ ಸ್ವಲ್ಪ ಗಾಳಿಯೂ ಸೇರಿ ಮೃದುತನ ಬರುತ್ತದೆ. ಕಾರ್ಖಾನೆಯ ಐಸ್‌ಕ್ರೀಮಿನ ಗಾತ್ರದಲ್ಲಿ ಅರ್ಧದವರೆಗೂ ಗಾಳಿಯೇ ಇರಬಹುದು. ಕೈಯಲ್ಲಿ ಕಡೆದುದರಲ್ಲಿ ಗಾಳಿ ಬಹಳ ಕಡಿಮೆ, ಆದ್ದರಿಂದಲೇ ಬಟ್ಟಲು ಭಾರ.

ಹಿಡಿ ತಿರುಗಿಸಲಾರದಷ್ಟು ಬಿಗಿಯಾದಾಗ ನಿಲ್ಲಿಸಬೇಕು. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಗಂಗಾಧರೇಶ್ವರನಿಗೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂದು ಭಕ್ತರು ನಂಬುತ್ತಾರೆ. ನಮ್ಮ ಡಬ್ಬಿಯಲ್ಲಿ ಕೆನೆ ಬೆಣ್ಣೆಯಾದರೆ ಅದು ಮಹಿಮೆಯಲ್ಲ, ಹೊತ್ತು ಮೀರಿ ಕಡೆದುದರ ಫಲ! ಮುಚ್ಚಳ ತೆಗೆಯುವ ಮೊದಲು ಅದರ ಮೇಲಿನ ಉಪ್ಪುನೀರನ್ನು ಚೆನ್ನಾಗಿ ಒರೆಸುವುದನ್ನು ಮರೆಯಬಾರದು. ಕೊಂಡು ತಂದ ಐಸು ಕುಡಿಯುವ ನೀರಿನದೇ ಎಂಬ ಭರವಸೆಯಿಲ್ಲ. ಅದರ ಒಂದು ಹನಿಯೂ ಒಳಗೆ ಬೀಳಬಾರದು. ರೋಗಿಗಳ ಮನೆಯಲ್ಲಿ ಈ ಎಚ್ಚರ ಇಮ್ಮಡಿಯಾಗಿರಲಿ. ಒಮ್ಮೆ ಕರಗಿದುದನ್ನು ಮತ್ತೆ ಹೆಪ್ಪುಗಟ್ಟಿಸಿ ಕೊಡಬಾರದು.

ಮೊದಲ ದಿನ ಮಾಡಿದ್ದು ಏಲಕ್ಕಿಯದು. ಮೊಮ್ಮಗಳು, ಸೊಸೆ, ಸೋದರಳಿಯ ಮತ್ತು ನಾವು ಸರದಿಯ ಮೇಲೆ ಹಿಡಿ ತಿರುಗಿಸಿದೆವು. ಪಕ್ಕದ ಮನೆಯ ಹಿರಿಯ ತಾಯಿಯೊಬ್ಬರು ಬಂದು ನೋಡಿ, "ಬುದ್ಧೀ, ಕಾಯಿಲೆಯವರಿಗೆ ಶೀತದ ಪದಾರ್ಥ ಕೊಡುವುದುಂಟೇ?" ಎಂದು ಗಾಬರಿಯಾದರು. ವೈದ್ಯರು ತಾವೇ ಹೇಳಿದ್ದಾರೆ, ತಂಪು ಹುಣ್ಣಿನ ಉರಿಯನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ ಎಂದು ತಿಳಿಸಿದೆವು. ಅಕ್ಕನವರು ಎದ್ದು ಕುಳಿತು, ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಬಟ್ಟಲನ್ನು ಅರ್ಪಿಸಿದರು. ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ನುಂಗುವಾಗ ಮುಖ ಕಿವುಚಲಿಲ್ಲ. ಎರಡನೆಯದು, ಮೂರನೆಯದು. ಹತ್ತು ದಿನಗಳ ಮೇಲೆ ಅವರು ನೋವಿಲ್ಲದೆ ನುಂಗಿದ ಮೊದಲ ತುತ್ತು ಅದು. ಸೊಸೆ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದಿನಿಂದ ದಿನಕ್ಕೆ ಮೂರು ಬಟ್ಟಲು. ಒಂದು ಬಟ್ಟಲು, ಎಂದರೆ 100 ಗ್ರಾಂ, ಸುಮಾರು 200 ಕ್ಯಾಲೊರಿ ಶಕ್ತಿ ಕೊಡುತ್ತದೆ. ಅದರ ಜೊತೆಗೆ ಆರಿದ ಗಂಜಿ, ಹಾಲು, ನುಣ್ಣಗೆ ಕಿವುಚಿದ ಬೇಳೆಯ ಕಟ್ಟು. ತೂಕ 46ರಲ್ಲಿ ನಿಂತಿತು, ಇಳಿಯಲಿಲ್ಲ. ನಳಿಕೆಯ ಮಾತು ಮತ್ತೆ ಬರಲಿಲ್ಲ. ರೋಗವನ್ನು ಗುಣಪಡಿಸಿದ್ದು ವೈದ್ಯರ ಚಿಕಿತ್ಸೆ. ಆ ಚಿಕಿತ್ಸೆ 33 ಸಲವೂ ತಪ್ಪದೆ ನಡೆಯುವಷ್ಟು ಕಸುವನ್ನು ದೇಹದಲ್ಲಿ ಉಳಿಸಿದ್ದರಲ್ಲಿ ಈ ಬಟ್ಟಲಿನ ಪಾಲೂ ಇತ್ತು.

ದಿನವೂ ಒಂದೇ ರುಚಿಯಾದರೆ ರೋಗಿಗೆ ಬೇಸರ. ಆಗ ನಮ್ಮ ಜಿಲ್ಲೆಯ ತೋಟಗಳೇ ನೆರವಾದವು. ಬಾಳೆಹಣ್ಣು ಮತ್ತು ಸಪೋಟ ಹುಳಿಯಿಲ್ಲದವು. ಹಸಿಯಾಗಿಯೇ ಅರೆದು ಸೇರಿಸಬಹುದು. ಸಪೋಟದ ಮರಳು ಮರಳಾದ ಭಾಗವನ್ನು ಮಾತ್ರ ಸೋಸಿ ತೆಗೆಯಬೇಕು. ವೈಶಾಖದ ಹೊತ್ತಿಗೆ ತೂಬಗೆರೆಯ ಹಲಸು ಬಂತು. ಕೆಂಪು ತೊಳೆಯ ಹಣ್ಣಿಗೆ ನಮ್ಮ ಕಡೆ ಹೆಸರುಂಟು. ತೊಳೆಗಳನ್ನು ಸ್ವಲ್ಪ ಹಾಲಿನಲ್ಲಿ ಬೇಯಿಸಿ, ಅರೆದು, ನಾರು ಉಳಿಯದಂತೆ ಸೋಸಿ, ಒಂದು ಲೀಟರು ಹಾಲಿಗೆ 250 ಗ್ರಾಂನಷ್ಟು ಸೇರಿಸಿದರೆ ಎಸೆನ್ಸಿನ ಹಂಗೇ ಬೇಡ. ಹಣ್ಣು ಸಿಹಿಯಾದಷ್ಟೂ ಸಕ್ಕರೆಯನ್ನು ಕಡಿಮೆ ಮಾಡಬೇಕು. ಸಕ್ಕರೆ ಹೆಚ್ಚಾದರೆ ಎಷ್ಟು ತಿರುಗಿಸಿದರೂ ಗಟ್ಟಿಯಾಗದು.

ಹುಳಿಯ ಹಣ್ಣುಗಳನ್ನು ಮಕ್ಕಳಿಗೆಂದು ಬೇರೆ ಮಾಡಿದೆವು. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಸಕ್ಕರೆಯೊಡನೆ ಬೇಯಿಸಿ, ಬೀಜ, ಸಿಪ್ಪೆ ಸೋಸಿ, ಪೂರ್ತಿ ತಣಿದ ಮೇಲೆ ತಣ್ಣನೆಯ ಹಾಲಿಗೆ ಬೆರೆಸಿ ಒಡನೆಯೇ ಕಡೆಯಬೇಕು. ಬಿಸಿಯಲ್ಲಿ ಬೆರೆಸಿದರೆ ಹಾಲು ಒಡೆಯುತ್ತದೆ. ದೇವನಹಳ್ಳಿಯ ಚಕ್ಕೋತಕ್ಕೆ ಹಾಲೇ ಬೇಡ. ರಸ, ಸಕ್ಕರೆಪಾಕ ಎರಡನ್ನೇ ತಿರುಗಿಸಿದರೆ ಗುಲಾಬಿ ಬಣ್ಣದ ಶರಬತ್ತಿನ ಐಸು ಸಿದ್ಧ. ಭೌಗೋಳಿಕ ಗುರುತು ಪಡೆದ ಈ ಹಣ್ಣಿನ ಮರಗಳು 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ವಿರಳವಾಗುತ್ತಿವೆ. ಹಿತ್ತಲಲ್ಲಿ ಒಂದು ಗಿಡ ನೆಡುವುದೂ ಪುಣ್ಯದ ಕೆಲಸವೇ. ಚಕ್ಕೋತ ಕೆಲವು ಔಷಧಿಗಳ ಜೊತೆ ಹೊಂದುವುದಿಲ್ಲ, ಮಾತ್ರೆ ನುಂಗುವವರು ವೈದ್ಯರನ್ನು ಕೇಳಬೇಕು. ಅನಾನಸನ್ನು ಹಸಿಯಾಗಿ ಹಾಲಿಗೆ ಹಾಕಿದರೆ ಕಹಿಯಾಗುತ್ತದೆ, ಬೇಯಿಸಿಯೇ ಹಾಕಬೇಕು. ಹಣ್ಣಿನ ರುಚಿಯನ್ನೇ ನಂಬಿ ವ್ಯಾಪಾರದಲ್ಲಿ ಹೆಸರು ಮಾಡಿದವರೂ ನಮ್ಮ ರಾಜ್ಯದಲ್ಲಿದ್ದಾರೆ. 1975ರಲ್ಲಿ ಮಂಗಳೂರಿನಲ್ಲಿ ಶಿಬರೂರು ಪ್ರಭಾಕರ ಕಾಮತರು ಆರಂಭಿಸಿದ ಐಡಿಯಲ್ ಐಸ್‌ಕ್ರೀಂ, ಹಣ್ಣು ಮತ್ತು ಜೆಲ್ಲಿ ಸೇರಿದ 'ಗಡ್‌ಬಡ್' ಇವು ಕರಾವಳಿಯನ್ನು ದಾಟಿ ಪ್ರಸಿದ್ಧವಾಗಿವೆ.

ಕೈಯಂತ್ರದ ಇನ್ನೊಂದು ಗುಣವನ್ನು ಹೇಳದೆ ಬಿಡುವಂತಿಲ್ಲ. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬರಿಗೆ ಆಗುವಷ್ಟು ಮಾತ್ರ ಮಾಡಲೂ ಬರುವುದಿಲ್ಲ. ಅಕ್ಕನವರ ಪಾಲನ್ನು ತೆಗೆದಿಟ್ಟು ಉಳಿದುದು ಕರಗುವ ಮೊದಲು ಹಂಚಲೇಬೇಕು. ಸಂಜೆ ನಾಲ್ಕು ಗಂಟೆಗೆ ಬಕೆಟ್ಟಿನ ಸದ್ದು ಕೇಳಿದೊಡನೆ ಬೀದಿಯ ಮಕ್ಕಳೆಲ್ಲ ಜಗಲಿಗೆ ಬರತೊಡಗಿದರು. ಹಿಡಿ ತಿರುಗಿಸಿದವರಿಗೂ, ತಿರುಗಿಸಲಾರದಷ್ಟು ಚಿಕ್ಕವರಿಗೂ ಒಂದೇ ಅಳತೆಯ ಬಟ್ಟಲು. ಯಾರ ಮನೆಯ ಮಕ್ಕಳು ಎಂದು ನಾವು ಕೇಳಲಿಲ್ಲ. ಹಾಲನ್ನೆಲ್ಲ ಡೇರಿಗೆ ಅಳೆದು, ಮನೆಯ ಕಾಫಿಗೆ ಮಾತ್ರ ಲೋಟದಷ್ಟು ಉಳಿಸಿಕೊಳ್ಳುವ ಊರು ನಮ್ಮದು. ಆ ತಿಂಗಳಲ್ಲಿ ನೆರೆಯವರು ತಾವಾಗಿಯೇ "ಅಕ್ಕನವರಿಗೆ ಇರಲಿ" ಎಂದು ಅರ್ಧ ಲೀಟರು, ಒಂದು ಲೀಟರು ತಂದುಕೊಟ್ಟರು.

ಓದುಗ ಬಂಧುಗಳಿಗೆ ಕೆಲವು ಎಚ್ಚರಿಕೆಗಳು. ಎಲ್ಲ ರೋಗಿಗಳಿಗೂ ಇದು ಪಥ್ಯವಲ್ಲ. ಸಿಹಿಮೂತ್ರದ ತೊಂದರೆಯುಳ್ಳವರು ಅಳತೆ ಮೀರಬಾರದು. ಕ್ಯಾನ್ಸರಿಗೆ ಕೊಡುವ ಕೆಲವು ಕೀಮೋ ಔಷಧಿಗಳು ಮೈಯಲ್ಲಿರುವಾಗ ತಣ್ಣನೆಯದನ್ನು ಮುಟ್ಟಿದರೂ ಜುಮ್ಮೆನ್ನುವ ನೋವು ಬರುತ್ತದೆ. ಅಂಥವರಿಗೆ ಐಸ್‌ಕ್ರೀಂ ವರ್ಜ್ಯ. ನುಂಗುವಾಗ ಕೆಮ್ಮು ಬರುವವರಿಗೆ ಬಾಯಲ್ಲಿ ನೀರಾಗುವ ಪದಾರ್ಥ ಶ್ವಾಸನಾಳಕ್ಕೆ ಇಳಿಯುವ ಅಪಾಯವುಂಟು. ವೈದ್ಯರನ್ನೂ ಆಹಾರತಜ್ಞರನ್ನೂ ಕೇಳಿಯೇ ಕೊಡತಕ್ಕದ್ದು.

ಹಿರಿಯರ ನೇಮ ಮತ್ತು ವೈದ್ಯರ ಮಾತು ಎದುರೆದುರಾದಾಗ ಅನೇಕ ಮನೆಗಳಲ್ಲಿ ಜಗಳವಾಗುವುದನ್ನು ನಾವು ಕಂಡಿದ್ದೇವೆ. ಮಕ್ಕಳು ನೇಮವನ್ನು ಹಳಿಯುತ್ತಾರೆ; ಹಿರಿಯರು ಹಟ ಹಿಡಿಯುತ್ತಾರೆ; ನಡುವೆ ರೋಗ ಬೆಳೆಯುತ್ತದೆ. ನೇಮವನ್ನು ಮುರಿಯದೆ ಔಷಧವನ್ನು ಮುಟ್ಟಿಸುವ ದಾರಿ ಎಷ್ಟೋ ಸಲ ಇದ್ದೇ ಇರುತ್ತದೆ. ಅದಕ್ಕೆ ಮನೆಯವರ ತೋಳು ಸ್ವಲ್ಪ ನೋಯಬೇಕು, ಅಷ್ಟೆ. ದಾರಿ ಇಲ್ಲವೇ ಇಲ್ಲ ಎಂದಾದ ದಿನ ಜೀವವೇ ಮೊದಲು ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ಅಕ್ಕನವರು ಈಗ ಮೆತ್ತಗೆ ತಿರುವಿದ ಮುದ್ದೆ, ಬಸ್ಸಾರು ಉಣ್ಣುತ್ತಾರೆ. ತೂಕ 49ಕ್ಕೆ ಏರಿದೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಿಬರಬೇಕು. ಐಸ್‌ಕ್ರೀಂ ಬೇಕೇ ಎಂದು ಕೇಳಿದರೆ, "ನನಗೆ ಸಾಕಪ್ಪ, ಮಕ್ಕಳಿಗೆ ಮಾಡಿ" ಎನ್ನುತ್ತಾರೆ. ಹಾಗೆಂದು ಹೇಳಿ, ಏಲಕ್ಕಿ ಬಿಡಿಸಿಕೊಡಲು ತಾವೇ ಮೊರದ ಮುಂದೆ ಬಂದು ಕೂಡುತ್ತಾರೆ.